ನಾದಿನಿಯ ಕೊರಳಿನ ಬೀಗದ ಕೈ

ಟೈಲರಮ್ಮ ಗಾರ್ಮೆಂಟ್ಸ್ ಕೆಲಸ ಬಿಟ್ಟದ್ದು ಶ್ರೀಮಂತಳಾಗಲಿಕ್ಕಲ್ಲ. ಉಚ್ಚೆಗೆ ಎದ್ದರೂ ಗಡಿಯಾರ ನೋಡುತ್ತಿದ್ದ ಆ ಸೂಪರ್‌ವೈಸರನ ದರಿದ್ರ ಮೋರೆ ಈ ಜನ್ಮದಲ್ಲಿ ಮತ್ತೆ ಕಾಣಬಾರದು, ಅಷ್ಟೇ. ಮೂರು ವರ್ಷದಿಂದ ಸ್ವಂತ ಅಂಗಡಿ, ಒಂದೇ ಮಿಷನ್ನು. ಬೇಕೆಂದಾಗ ಏಳುತ್ತಾಳೆ, ಬೇಕೆಂದಾಗ ಕೂರುತ್ತಾಳೆ. ಸಂಪಾದನೆ ಮಾತ್ರ ಅಷ್ಟಕ್ಕಷ್ಟೇ. ಪ್ಯಾಂಟಿನ ಅಂಚು ಮಡಚಿ, ಕಿತ್ತ ಜಿಪ್ಪು ಬದಲಿಸಿ ಎಷ್ಟು ಬಂದೀತು? ಈ ತಿಂಗಳೂ ಬಾಡಿಗೆ ಕಟ್ಟದಿದ್ದರೆ ಅಂಗಡಿಗೆ ಎಳ್ಳುನೀರು ಬಿಟ್ಟಹಾಗೇ.

ನಾದಿನಿಯೂ ಅದೇ ಕಾರ್ಖಾನೆ ಬಿಟ್ಟು ಬಂದವಳು. ಈಗ ಅವಳ ಶೆಡ್ಡಿನಲ್ಲಿ ಇಪ್ಪತ್ತು ಮಿಷನ್ನು. ಶಾಲೆ ಯೂನಿಫಾರಮ್ಮಿನ ದೊಡ್ಡ ಆರ್ಡರು ಬಂದಿದೆ, ಒಮ್ಮೆ ಬಂದು ಹೋಗಿ ಎಂದು ಹೇಳಿ ಕಳುಹಿಸಿದ್ದಳು.

"ಹೋಗು, ಬಾಯಿಗೆ ಹೊಲಿಗೆ ಹಾಕ್ಕೊಂಡು ಹೋಗು," ಎಂದಿದ್ದ ಗಂಡ. "ಕೈಗೆ ಬಂದ ತುತ್ತು ಹಾಳು ಮಾಡ್ಕೋಬೇಡ."

ಶೆಡ್ಡಿನಲ್ಲಿದ್ದದ್ದು ಒಂದೇ ಫ್ಯಾನು, ಅದೂ ನಾದಿನಿಯ ಕುರ್ಚಿಯ ಮೇಲೆ.

"ಈ ಸಾಲಿನ ಹತ್ತು ಜನರನ್ನ ನೀವು ನೋಡ್ಕೊಳ್ಳಿ ಅತ್ತಿಗೆ, ಲಾಭದಲ್ಲಿ ಅರ್ಧ ನಿಮ್ದು. ನೀವು ನೆಮ್ಮದಿಗೆ ಅಂತ ಅಂಗಡಿ ಹಾಕಿದ್ರಿ, ನಾನು ದುಡ್ಡಿಗೆ ಅಂತ ಹಾಕ್ದೆ. ಅವರವರು ಕೇಳಿದ್ದು ಅವರವರಿಗೆ ಸಿಕ್ತು. ನೆಮ್ಮದಿ ಸಾಕಾಯ್ತು ತಾನೇ?"

ಟೈಲರಮ್ಮನಿಗೆ ನಗು ಬಂತು. ಸುಳ್ಳೇನು ಹೇಳಿದಳು, ಪಾಪ! "ಆಯ್ತು ಕಣೇ, ನಾಳೆಯಿಂದ್ಲೇ ಬರ್ತೀನಿ," ಎಂದು ಒಪ್ಪಿಕೊಂಡು, ಟಾಯ್ಲೆಟ್ಟು ಎಲ್ಲಿ ಎಂದು ಕೇಳಿದಳು.

ನಾದಿನಿ ಕೊರಳಿನಿಂದ ದಾರ ತೆಗೆದಳು. ದಾರದ ತುದಿಯಲ್ಲಿ ಬೀಗದ ಕೈ. "ಇವರಿಗೆಲ್ಲ ದಿನಕ್ಕೆ ಎರಡೇ ಸಲ. ಇಲ್ಲಾಂದ್ರೆ ಅಲ್ಲೇ ಹರಟೆ ಹೊಡೀತಾ ನಿಂತ್ಬಿಡ್ತಾವೆ. ನೀವು ಬಿಡಿ, ಓನರು. ಎಷ್ಟು ಸಲ ಬೇಕಾದ್ರೂ ಹೋಗಿ."

ಬೀಗದ ಕೈ ನಾದಿನಿಯ ಬೆವರಿಗೆ ಅಂಟಂಟಾಗಿತ್ತು. ಪಕ್ಕದ ಮಿಷನ್ನಿನಲ್ಲಿ ತುಂಬು ಬಸುರಿಯೊಬ್ಬಳು ತುಟಿ ಕಚ್ಚಿಕೊಂಡು ಕಾಲರು ಹೊಲಿಯುತ್ತಿದ್ದಳು.

"ಏಳಮ್ಮ, ಮೊದಲು ನೀನು ಹೋಗಿ ಬಾ," ಎಂದು ಟೈಲರಮ್ಮ ಬೀಗದ ಕೈಯನ್ನು ಅವಳತ್ತ ಚಾಚಿದಳು.

ಬಸುರಿ ಬೀಗದ ಕೈ ಮುಟ್ಟಲಿಲ್ಲ. ನಾದಿನಿಯ ಮುಖ ನೋಡಿದಳು. "ಬೇಡ ಮೇಡಂ, ಎರಡು ಸಲ ಆಗಿದೆ."

"ನೋಡಿದ್ರಾ, ಹೇಗೆ ಪಳಗಿಸಿದ್ದೀನಿ!"

"ಥೂ, ನಿನ್ನ ಜನ್ಮಕ್ಕಿಷ್ಟು! ಒಂದೇ ಬೆಂಚಿನ ಮೇಲೆ ಇಬ್ಬರೂ ತಡ್ಕೊಂಡು ಕೂತಿರ್ತಿದ್ವಲ್ಲೇ, ಮರೆತುಹೋಯ್ತಾ?"

"ಮರೆಯೋದುಂಟಾ ಅತ್ತಿಗೆ?" ಎಂದಳು ನಾದಿನಿ. "ಅಲ್ಲೇ ಕಲಿತದ್ದು."

ಟೈಲರಮ್ಮ ಬಸುರಿಯ ರಟ್ಟೆ ಹಿಡಿದು ಎಬ್ಬಿಸಿದಳು. ತಾನೇ ಬಾಗಿಲು ತೆಗೆದುಕೊಟ್ಟು, ಅವಳು ಹೊರಗೆ ಬರುವವರೆಗೂ ಅಲ್ಲೇ ಕಾದಳು. ಆಮೇಲೆ, "ನಾಳೆ ನನ್ನ ದಾರಿ ಕಾಯ್ಬೇಡ ಕಣೇ," ಎಂದು ಬೀಗದ ಕೈಯನ್ನು ನಾದಿನಿಯ ಕೈಗೆ ಹಾಕಿ, ಬಾಡಿಗೆ ಕಟ್ಟಲಾಗದ ತನ್ನ ಅಂಗಡಿ ಖಾಲಿ ಮಾಡಲು ಹೊರಟಳು.