ಈರುಳ್ಳಿ ಮಂಡಿಯಲ್ಲಿ ಎರಡು ಪ್ರೊಸೆಸರ್

ಚಾಮರಾಜನಗರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಸ್ವರ್ಣಲತಾ, ಗುಂಡ್ಲುಪೇಟೆಯ ಈರುಳ್ಳಿ ಮಂಡಿಗಳು ಕೇಳಿದ ಯಂತ್ರಗಳಿಗೆ ಯಾವ ಕಂಪನಿಯ ಪ್ರೊಸೆಸರ್ ತರಿಸಬೇಕೆಂದು ಇನ್ನೂ ತೀರ್ಮಾನಿಸಿರಲಿಲ್ಲ. ಪೈಪೋಟಿಗೆ ನಿಂತ ಎರಡು ಕಂಪನಿಗಳ ಪ್ರೊಸೆಸರ್ ಹಾಕಿದ ಎರಡು ಯಂತ್ರಗಳನ್ನು ವರ್ತಕ ಚೆಲುವಯ್ಯನ ಮುಂದಿಟ್ಟು, ಎರಡಕ್ಕೂ ಲಾರಿಗಳ ತೂಕದ ಒಂದೇ ಲೆಕ್ಕ ಕೊಟ್ಟಳು. ಅವನು ಒಪ್ಪಿದರೆ ಮಂಡಿಯವರೆಲ್ಲ ಒಪ್ಪುತ್ತಾರೆ. ಇಲ್ಲವಾದರೆ ವ್ಯಾಪಾರವೇ ಇಲ್ಲ.

ಚೆಲುವಯ್ಯ ಪರದೆಯನ್ನು ನೋಡಲೇ ಇಲ್ಲ. ಈರುಳ್ಳಿ ಮೂಟೆಯ ಒಡಲಿಗೆ ಕೈ ತೂರಿಸಿ ಬಿಸಿ ನೋಡುವವನಂತೆ, ಯಂತ್ರಗಳ ಬೆನ್ನಿಗೆ ಅಂಗೈ ಹಿಡಿದ.

"ಇದು ಒಳಗೇ ಬೆಂದೋಗಿದೆ ಕಣಮ್ಮಿ. ನಾಳಿಕ್ಕೆ ಕೊಳ್ತೋಯ್ತದೆ, ಬುಡು. ಆ ತಣ್ಣಗಿರೋದ್ನೇ ಕೊಡು."

"ಅದೇನು ಈರುಳ್ಳಿನಾ ಅಣ್ಣ? ಒಂದು ಬೀಡಿ ಸೇದೋಗಂಟ ತಡ್ಕೊ."

ಬೀಡಿ ಅರ್ಧವಾಗುವಷ್ಟರಲ್ಲಿ ಬಿಸಿಯಾಗಿದ್ದ ಯಂತ್ರ ಲೆಕ್ಕ ಮುಗಿಸಿ, ಸಂಜೆಯ ಬಂಡೆಯಂತೆ ಮೆಲ್ಲಮೆಲ್ಲಗೆ ತಣಿಯಿತು. ಮತ್ತೊಂದು ಉಗುರುಬೆಚ್ಚಗೆ ಇನ್ನೂ ಲೆಕ್ಕ ಕೂಡುತ್ತಲೇ ಇತ್ತು. ಚೆಲುವಯ್ಯ ತಣಿದ ಯಂತ್ರಕ್ಕೆ ಮತ್ತೆ ಅಂಗೈ ಹಿಡಿದ. ಕೈ ಬದಲಿಸಿ ಇನ್ನೊಮ್ಮೆ ಹಿಡಿದ. ಮೂಟೆಯೊಳಗೆ ಹುಟ್ಟಿದ ಬಿಸಿ ತಾನಾಗಿ ಇಳಿದದ್ದನ್ನು ಅವನು ಈ ವಯಸ್ಸಿನವರೆಗೂ ಕಂಡಿರಲಿಲ್ಲ.

"ಸರಿ, ಇದ್ನೇ ತರ್ಸು," ಎಂದ, ಕೈ ತೆಗೆಯದೆ. "ಆದ್ರೆ ಆ ಬಿಸಿ ಎಲ್ಗೋಯ್ತಮ್ಮಿ?"