ಬಾಗಿಲು ಹಾಕಿಕೊಂಡ ಕಪ್ಪು

ರಾಸ್ಕೊ ಪೆಟಿವೇ ಗೆಲ್ಲಬೇಕೆಂದು ರಿಂಗ್ ಹತ್ತಿದವನೇ ಅಲ್ಲ. ಯಾನೆಕ್ ಗುರ್ಸ್ಕಿ ಇನ್ನು ಜೀವಮಾನದಲ್ಲಿ ತನ್ನ ಕೈಯಾರೆ ಒಂದು ತುತ್ತು ಎತ್ತಬಾರದು, ಅಷ್ಟು ಮಾಡಿಬಿಟ್ಟರೆ ಸಾಕೆಂದು ಹತ್ತಿದವನು. ಇದು ಗೊತ್ತಿದ್ದದ್ದು ಅವನಿಗೆ, ಮತ್ತೆ ರಿಂಗಿನ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದ ತಮ್ಮ ಡೆಸ್ಮಂಡ್‌ಗೆ, ಇಬ್ಬರಿಗೇ. ತಾಯಿ ಅರ್ನೆಸ್ಟೀನ್‌ಗೆ ಸುಳಿವು ಸಿಕ್ಕಿದ್ದರೆ ಇಬ್ಬರಿಗೂ ಪೊರಕೆಯಲ್ಲಿ ಬಾರಿಸುತ್ತಿದ್ದಳು, ಗಾಲಿಕುರ್ಚಿ ಅಂತಲೂ ನೋಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಉತ್ತರ ಫಿಲಡೆಲ್ಫಿಯಾದ ಇದೇ ಹಳೆ ಚರ್ಚಿನ ಹಾಲ್‌ನಲ್ಲಿ, ಬಾಕ್ಸಿಂಗಿನ ಸುತ್ತು ಮುಗಿದ ಗಂಟೆ ಹೊಡೆದಿತ್ತು. ಡೆಸ್ಮಂಡ್ ಕೈ ಇಳಿಸಿ ತನ್ನ ಮೂಲೆಗೆ ತಿರುಗಿದ್ದ. ಯಾನೆಕ್ ಹಿಂದಿನಿಂದ ಅವನ ಎಡಗಿವಿಯ ಬುಡಕ್ಕೆ ಒಂದು ಬಿಟ್ಟ. ಆಮೇಲೆ ಗಂಟೆ ಕೇಳಿಸಲಿಲ್ಲ ಅಂದ. ಅಲ್ಲ ಸ್ವಾಮಿ, ಆ ಗಂಟೆ ಮೂರು ಬೀದಿ ಆಚೆ ಮೀನು ಕರಿಯುವ ಅಂಗಡಿಗೂ ಕೇಳಿಸುತ್ತದೆ, ಇವನೊಬ್ಬನಿಗೆ ಕೇಳಿಸಲಿಲ್ಲವಂತೆ! ರೆಫರಿ ತಲೆಯಾಡಿಸಿದ, ಅಲ್ಲಿಗೆ ವಿಚಾರಣೆ ಮುಗಿಯಿತು. ಡೆಸ್ಮಂಡ್‌ಗೆ ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಎಡಗೈ ಮತ್ತು ಬುದ್ಧಿ. ಹೌದು ಅನ್ನಲು ಕುರ್ಚಿಯ ಹಿಡಿಗೆ ಒಂದು ಕುಟ್ಟು, ಇಲ್ಲ ಅನ್ನಲು ಎರಡು. ಬೆಳಿಗ್ಗೆ ಕಸದ ಲಾರಿಯ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ರಾಸ್ಕೊನೇ ಅವನಿಗೆ ಚಮಚದಲ್ಲಿ ತಿನ್ನಿಸುತ್ತಿದ್ದ.

ಯಾನೆಕ್ ಈಗ ಚೆಸ್-ಬಾಕ್ಸಿಂಗ್ ಆಡುತ್ತಾನೆಂದು ಕೇಳಿದ ದಿನ ರಾಸ್ಕೊ ತಮ್ಮನ ಮುಂದೆ ಮಂಡಿಯೂರಿ ಕೂತ.

"ಡೆಜ್, ಅವನನ್ನೂ ನಿನ್ನ ಹಾಗೇ ಕುರ್ಚೀಲಿ ಕೂರಿಸ್ತೀನಿ ಕಣೋ. ಮಾಡ್ಲಾ?"

ಡೆಸ್ಮಂಡ್ ಒಮ್ಮೆ ಕುಟ್ಟಿದ. ಕುರ್ಚಿ ಅದುರುವ ಹಾಗೆ ಕುಟ್ಟಿದ.

ಆ ಆಟದಲ್ಲಿ ಮೂರು ನಿಮಿಷ ಚದುರಂಗ, ಮೂರು ನಿಮಿಷ ಗುದ್ದಾಟ, ಮತ್ತೆ ಚದುರಂಗ, ಹೀಗೆ ಹನ್ನೊಂದು ಸುತ್ತು. ಹಲಗೆಯ ಮೇಲೆ ಸೋತರೂ ಸೋತ ಹಾಗೆ, ನೆಲಕ್ಕೆ ಬಿದ್ದು ಏಳದಿದ್ದರೂ ಸೋತ ಹಾಗೆ. ಯಾನೆಕ್ ಹಲಗೆಯಲ್ಲಿ ಘಾಟಿ ಆಸಾಮಿ. ಬೇಗ ಬೇಗ ರಾಜನನ್ನು ಕಟ್ಟಿಹಾಕಿ, ಮೈಗೆ ಏಟು ತಾಗಿಸಿಕೊಳ್ಳದೆ ಮನೆಗೆ ಹೋಗುವವನು. ಬಿಳಿ ಕಾಯಿಯೂ ಅವನಿಗೇ ಬಿದ್ದಿತ್ತು. ರಾಸ್ಕೊಗೆ ಬೇಕಾಗಿದ್ದದ್ದು ಹೊತ್ತು. ಹಲಗೆಯ ಮೇಲೆ ಸಾಯದೆ ಉಳಿದಷ್ಟೂ ಗುದ್ದುವ ಸುತ್ತುಗಳು ಸಿಗುತ್ತವೆ. ಅದಕ್ಕೇ ಚದುರಂಗ ಬಲ್ಲ ಡೆಸ್ಮಂಡ್ ನಾಲ್ಕು ತಿಂಗಳು ಎಡಗೈಯಲ್ಲಿ ಕಾಯಿ ಸರಿಸಿ ಸರಿಸಿ ಅಣ್ಣನಿಗೆ ಕಪ್ಪಿನ ಒಂದೇ ಒಂದು ಪಟ್ಟು ಕಲಿಸಿದ್ದ, ಕಾರೊ-ಕಾನ್. ಬೆಡಗಿಲ್ಲ, ಬಿನ್ನಾಣವಿಲ್ಲ. ಒಂದು ಕಾಲಾಳನ್ನು ಒಂದೇ ಮನೆ ಸರಿಸು, ಅದರ ಆಸರೆಯಲ್ಲಿ ಇನ್ನೊಂದನ್ನು ನಡುವೆ ನಿಲ್ಲಿಸು, ಒಂಟೆಯನ್ನು ಹೊರಗೆ ಕಳಿಸು, ಮತ್ತೊಂದು ಕಾಲಾಳನ್ನು ಅದರ ಹಿಂದೆ ಸರಿಸಿ ಬಾಗಿಲು ಹಾಕಿಕೋ. ಒಂಟೆ ಒಳಗಿರುವಾಗಲೇ ಬಾಗಿಲು ಹಾಕಿದರೆ ಡೆಸ್ಮಂಡ್ ಅಣ್ಣನ ಬೆರಳಿಗೆ ಪಟ್ಟನೆ ಹೊಡೆಯುತ್ತಿದ್ದ.

ಶನಿವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಜನರ ಕೂಗು ಕೇಳದಿರಲೆಂದು ಹಲಗೆಯ ಮುಂದೆ ಕೂತ ಆಟಗಾರರ ಕಿವಿಗೆ ಹೆಡ್‌ಫೋನ್ ಹಾಕಿದ್ದರು. ಯಾನೆಕ್ ಕುದುರೆ, ಒಂಟೆ, ಮಂತ್ರಿ ಎಲ್ಲವನ್ನೂ ದಡದಡ ಮುಂದಕ್ಕೆ ನುಗ್ಗಿಸಿದ. ರಾಸ್ಕೊ ಹೇಳಿಕೊಟ್ಟಷ್ಟೇ ಮಾಡಿ ಬಾಗಿಲು ಹಾಕಿಕೊಂಡ. ಯಾನೆಕ್ ಹುಬ್ಬು ಗಂಟಿಕ್ಕಿ ಹಲಗೆ ನೋಡುತ್ತಿರುವಾಗಲೇ ಮೂರು ನಿಮಿಷ ತೀರಿತು. ಮೇಜು ಹೊರಗೆ ಹೋಯಿತು, ಗ್ಲೌಸ್ ಒಳಗೆ ಬಂತು.

"ಏನೋ ಕಸದವ್ನೇ," ಯಾನೆಕ್ ಮೈಗೆ ಮೈ ತಾಗಿಸಿಕೊಂಡು ಅಂದ. "ನಿನ್ನ ತಮ್ಮಂಗೆ ಚಡ್ಡಿ ಬದಲಾಯ್ಸೋದು ಯಾರು, ನೀನೇನಾ?"

"ನಾನೇ. ನಿಂಗ್ಯಾರು ಬದಲಾಯಿಸ್ತಾರೆ ಅಂತ ಇವತ್ತೇ ಯೋಚ್ನೆ ಮಾಡ್ಕೋ."

ಹಾಗೆಂದು ರಾಸ್ಕೊ ಅವನ ಪಕ್ಕೆಗೆ ಮೂರು ಇಟ್ಟ. ದಿನಕ್ಕೆ ಮುನ್ನೂರು ಕಸದ ಡಬ್ಬಿ ಎತ್ತಿ ಬಗ್ಗಿಸುವ ತೋಳು ಅದು. ಯಾನೆಕ್‌ನ ಉಸಿರು ಶಿಳ್ಳೆ ಹಾಕಿತು. ತಲೆಗೆ ಹೊಡೆಯುವ ಸಂದು ಎರಡು ಸಲ ಸಿಕ್ಕಿತು, ರಾಸ್ಕೊ ಹೊಡೆಯಲಿಲ್ಲ. ಬೇಗ ಬಿದ್ದುಬಿಟ್ಟರೆ ಬದುಕಿಕೊಳ್ಳುತ್ತಾನೆ, ನಿಲ್ಲಿಸಿಯೇ ಅರೆಯಬೇಕು ಎಂಬ ಲೆಕ್ಕ ಅವನದು.

ಯಾನೆಕ್ ಏನು ಸುಮ್ಮನಿರುವವನೇ? ನಾಲ್ಕನೇ ಸುತ್ತಿನಲ್ಲಿ ರಾಸ್ಕೊನ ಮೂಗಿನ ಮೂಳೆ ಲಟ್ಟೆಂದು ಮುರಿದ. ಮತ್ತೆ ಹಲಗೆಯ ಮುಂದೆ ಕೂತಾಗ ಮೂಗಿನಿಂದ ತೊಟ್ಟಿಕ್ಕಿದ ರಕ್ತ ಒಂದು ಬಿಳಿ ಮನೆಯ ಮೇಲೆ ಬಿತ್ತು. ರೆಫರಿ ಬಟ್ಟೆ ತಂದು ಒರೆಸಿದ. ಯಾನೆಕ್ ಕುದುರೆ ಬಲಿಕೊಟ್ಟು ಕಪ್ಪು ರಾಜನ ಮನೆ ಒಡೆಯಲು ನೋಡಿದ. ಕಾಲಾಳುಗಳು ಕಚ್ಚಿಕೊಂಡು ನಿಂತವು, ಬಾಗಿಲು ತೆರೆಯಲಿಲ್ಲ.

ಆರನೇ ಸುತ್ತಿನಲ್ಲಿ ಯಾನೆಕ್‌ನ ಹುಬ್ಬು ಸೀಳಿ ಕಣ್ಣಿನ ಮೇಲೆ ಜೋತುಬಿತ್ತು. ರಾಸ್ಕೊ ಆ ಸೀಳಿನ ಮೇಲೇ ಮತ್ತೆ ಮತ್ತೆ ಗುದ್ದಿದ. ಜನ ಕುರ್ಚಿ ಹತ್ತಿ ಕೂಗಿದರು. ಮೂಲೆಯಲ್ಲಿ ತರಬೇತಿಯ ಮುದುಕ ಕ್ಲೀವನ್ ರಾಸ್ಕೊನ ಮೂಗಿಗೆ ಹತ್ತಿ ತುರುಕುತ್ತ ಕೇಳಿದ, "ಲೇ, ಆಗ್ಲೇ ಬೀಳಿಸಬಹುದಿತ್ತಲ್ಲೋ, ಯಾಕೆ ಬಿಟ್ಟೆ?"

"ಇನ್ನೂ ಹೊತ್ತಿದೆ ಅಂಕಲ್."

ಮುದುಕ ಅವನ ಕಣ್ಣನ್ನೇ ನೋಡಿದ. "ಹಾಳಾಗ್ ಹೋಗೋನೇ, ಇದನ್ನ ನಾನು ಕಲಿಸ್ಲಿಲ್ಲ. ಇದು ಕಟುಕರ ಕೆಲ್ಸ."

ಎಂಟನೇ ಸುತ್ತಿನಲ್ಲಿ ಅದು ಆಯಿತು. ಯಾನೆಕ್ ತಪ್ಪಿಸಿಕೊಳ್ಳಲು ಮುಖ ತಿರುಗಿಸಿದ, ಎಡಗಿವಿಯ ಬುಡ ಎದುರಿಗೆ ಬಂತು. ರಾಸ್ಕೊ ಮೂರು ವರ್ಷ ಕೂಡಿಟ್ಟದ್ದನ್ನೆಲ್ಲ ಬಲಗೈಗೆ ತಂದು ಅಲ್ಲಿಗೇ ಇಳಿಸಿದ. ಹಸಿ ಸೌದೆ ಸೀಳಿದಂಥ ಸದ್ದು ಬಂತು. ಯಾನೆಕ್ ಹಗ್ಗಕ್ಕೆ ಜೋತುಬಿದ್ದ, ಬೀಳಲಿಲ್ಲ, ಗಂಟೆ ಹೊಡೆಯಿತು. ಸುಳ್ಳೇಕೆ ಹೇಳಲಿ, ಆ ಗಳಿಗೆ ರಾಸ್ಕೊಗೆ ಹಬ್ಬದೂಟ ಉಂಡಷ್ಟು ಸುಖವಾಯಿತು.

ಒಂಬತ್ತನೇ ಸುತ್ತು, ಹಲಗೆ. ಕಪ್ಪಿಗೆ ಒಂದು ಕುದುರೆ ಹೆಚ್ಚಿತ್ತು, ಬಿಳಿಯ ದಾಳಿ ಉಸಿರುಗಟ್ಟಿ ನಿಂತಿತ್ತು. ನಡೆ ಯಾನೆಕ್‌ನದು. ಅವನು ಆನೆಯ ಮೇಲೆ ಬಲಗೈ ಇಟ್ಟ. ಬೆರಳು ಮಡಚಲಿಲ್ಲ. ಇನ್ನೊಮ್ಮೆ ಇಟ್ಟ. ಆನೆ ಅಡ್ಡಬಿತ್ತು. ರೆಫರಿ ಅದನ್ನು ಎತ್ತಿ ನಿಲ್ಲಿಸಿದ. ಎಲ್ಲರ ಬೆರಳಿಗೂ ಪಟ್ಟಿ ಸುತ್ತಿರುತ್ತದೆ, ಕಾಯಿ ಜಾರುವುದು ಇಲ್ಲಿ ಮಾಮೂಲು. ಆದರೆ ಯಾನೆಕ್ ಕೈ ಎತ್ತಿಕೊಂಡು, ಇದು ಯಾರದಪ್ಪಾ ಎನ್ನುವ ಹಾಗೆ ನೋಡಿದ. ಬಾಯಿಯ ಬಲಮೂಲೆ ಇಳಿದು ಜೊಲ್ಲು ಸುರಿಯಿತು.

ರಾಸ್ಕೊ ಈ ನೋಟವನ್ನು ಕಂಡಿದ್ದ. ಆಸ್ಪತ್ರೆಯಲ್ಲಿ ಮೊದಲ ದಿನ ಡೆಸ್ಮಂಡ್ ನೀರಿನ ಲೋಟ ಹಿಡಿಯಲು ಹೋಗಿ, ಹೀಗೇ ತನ್ನ ಕೈಯನ್ನು ನೋಡಿಕೊಂಡಿದ್ದ.

ರಾಸ್ಕೊ ತಲೆ ತಿರುಗಿಸಿದ. ಡೆಸ್ಮಂಡ್‌ಗೂ ಅರ್ಥವಾಗಿತ್ತು. ಅವನ ಮುಖ ಮೂರು ವರ್ಷದಲ್ಲಿ ಮೊದಲ ಸಲ ಅರಳಿತ್ತು. ಎಡಗೈ ಮೇಲೆದ್ದು ಒಮ್ಮೆ ಕುಟ್ಟಿತು. ಹೆಡ್‌ಫೋನಿನೊಳಗೆ ಸದ್ದು ಕೇಳಿಸಲಿಲ್ಲ, ಕುಟ್ಟಿದ್ದು ಕಂಡಿತು. ತಡೆದು ಮತ್ತೆ ಒಂದು. ತಡೆದು ಮತ್ತೆ ಒಂದು.

ರಾಸ್ಕೊ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಾಗಿತ್ತು. ಮುಂದಿನ ಸುತ್ತಿನಲ್ಲಿ ಅದೇ ಜಾಗಕ್ಕೆ ಇನ್ನೊಂದು ಕೊಟ್ಟರೆ ಮುಗಿಯಿತು, ಯಾವ ಕೋರ್ಟೂ ಅವನನ್ನು ಕೇಳುತ್ತಿರಲಿಲ್ಲ. ಎದುರಿಗೆ ಯಾನೆಕ್‌ನ ತುಟಿ ಅಲ್ಲಾಡುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ತಮ್ಮನ ಕಡೆ ಇನ್ನೊಮ್ಮೆ ನೋಡುವ ಧೈರ್ಯ ರಾಸ್ಕೊಗಿರಲಿಲ್ಲ. ಕಪ್ಪು ರಾಜನನ್ನು ಹಲಗೆಯ ಮೇಲೆ ಮಲಗಿಸಿದ, ಹೆಡ್‌ಫೋನ್ ಕಿತ್ತೆಸೆದ.

"ಸೋತೆ! ನಾನು ಸೋತೆ! ಡಾಕ್ಟರ್ ಎಲ್ರೀ? ಇವನ ತಲೆಯೊಳಗೆ ರಕ್ತ ಸೋರ್ತಿದೆ, ಬೇಗ ಬನ್ರೀ!"

ಜನಕ್ಕೆ ತಲೆಬುಡ ತಿಳಿಯಲಿಲ್ಲ. ಗೆಲ್ಲುವ ಆಟ ಬಿಟ್ಟ ಹೇಡಿ ಎಂದು ಬೈದರು, ಬಿಯರ್ ತುಂಬಿದ ಲೋಟ ಬೀಸಿದರು, ಒಂದು ರಾಸ್ಕೊನ ಮುರಿದ ಮೂಗಿಗೇ ಬಿತ್ತು. ಅಷ್ಟರಲ್ಲಿ ಯಾನೆಕ್ ಏಳಲು ಹೋಗಿ ಮೇಜಿನ ಮೇಲೆ ಕವುಚಿಬಿದ್ದ, ವಾಂತಿ ಮಾಡಿಕೊಂಡ, ಕೈಕಾಲು ಸೆಟೆದು ಅದುರತೊಡಗಿದವು. ರಾಸ್ಕೊನೇ ಅವನನ್ನು ಮಗ್ಗುಲಿಗೆ ಹೊರಳಿಸಿ ಬಾಯಿಂದ ಹಲ್ಲಿನ ಕವಚ ಎಳೆದು ತೆಗೆದ.

ಸ್ಟ್ರೆಚರ್ ಹೊರಡುವಾಗ ಡಾಕ್ಟರ್ ಕೇಳಿದಳು, "ನಿನಗೆ ಹೇಗೆ ಗೊತ್ತಾಯ್ತು? ನಾವೆಲ್ಲ ಪಟ್ಟಿ ಸುತ್ತಿದ ಕೈ ಜಾರ್ತಿದೆ ಅಂದ್ಕೊಂಡ್ವಿ."

"ಮನೇಲಿ ಒಬ್ಬ ಇದ್ದಾನೆ ಮೇಡಂ."

ಮರುದಿನ ಚರ್ಚಿನಿಂದ ಬಂದ ಅರ್ನೆಸ್ಟೀನ್ ಟೋಪಿಯನ್ನೂ ತೆಗೆಯದೆ ಹೇಳಿದಳು, "ಆ ಹುಡುಗನ ತಲೆ ಕೊರೆದು ರಕ್ತ ತೆಗೆದ್ರಂತೆ. ಬೆಳಿಗ್ಗೆ ಬೆರಳು ಆಡಿಸಿದ್ನಂತೆ. ಅವನ ತಾಯಿ ಫೋನ್ ಮಾಡಿ ಅತ್ತಳು." ರಾಸ್ಕೊ ಹೂಂ ಅಂದ. ಬೆಣ್ಣೆ ಹಾಕಿದ ಮೆಕ್ಕೆಜೋಳದ ಗಂಜಿಯ ಬಟ್ಟಲು ಹಿಡಿದು ತಮ್ಮನ ಮುಂದೆ ಕೂತಿದ್ದ. ಡೆಸ್ಮಂಡ್ ನಿನ್ನೆಯಿಂದ ಒಂದು ತುತ್ತಿಗೂ ಬಾಯಿ ತೆರೆದಿರಲಿಲ್ಲ.

"ಡೆಜ್, ನಿಂಗೆ ಮಾತು ಕೊಟ್ಟಿದ್ದೆ, ಹೌದು. ನನ್ನ ಕೈಲಿ ಆಗ್ಲಿಲ್ಲ ಕಣೋ. ಹಸಿವಾಗಿದ್ಯಾ?"

ಒಂದು ಕುಟ್ಟು.

"ನನ್ನ ಕೈಯಿಂದ ತಿಂತೀಯಾ?"

ಡೆಸ್ಮಂಡ್ ಅವನನ್ನು ನೆಟ್ಟಗೆ ನೋಡಿ, ಅವಸರವಿಲ್ಲದೆ, ಎರಡು ಕುಟ್ಟಿದ.

"ಕೊಡಿಲ್ಲಿ, ನಾನು ತಿನ್ನಿಸ್ತೀನಿ," ಎಂದು ತಾಯಿ ಚಮಚಕ್ಕೆ ಕೈ ಚಾಚಿದಳು. ರಾಸ್ಕೊ ಕೊಡಲಿಲ್ಲ. "ಇರಲಿ ಅಮ್ಮ, ನಂಗೇನೂ ಅವಸರ ಇಲ್ಲ," ಅಂದ. ಗಂಜಿ ತುಂಬಿದ ಚಮಚವನ್ನು ಆ ಬಿಗಿದ ತುಟಿಗಳ ಮುಂದೆ ಹಿಡಿದು ಕೂತ. ತೋಳು ನೋಯುತ್ತಿತ್ತು. ಗಂಜಿ ಆರಿದಾಗ ಎದ್ದು ಬಿಸಿಮಾಡಿ ತಂದು, ಮತ್ತೆ ಹಿಡಿದು ಕೂತ.