ಅಮ್ಮ ಇಳಿಯೋಗಂಟ

"ಅಮ್ಮನ್ನ ಇಳಿಸ್ತೀಯೇನೋ ಬೋಳಿಮಗನೆ? ಲಾರಿಯಿಂದ ಕಬ್ಬಿಣ ಇಳಿಸ್ದಂಗೆ ಅನ್ಕೊಂಡ್ಯಾ?"

ಸಬ್ ಇನ್ಸ್‌ಪೆಕ್ಟರ್ ಚಕ್ರಪಾಣಿಯವರ ಕೈಯಲ್ಲಿದ್ದದ್ದು ನನ್ನದೇ ಇನ್‌ಲ್ಯಾಂಡ್ ಕಾಗದ. ಹೋದ ವಾರ ನಾನೇ ಎಂಜಲು ಹಚ್ಚಿ, ಅಂಟಿಸಿ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ಮುಂದಿನ ಕೆಂಪು ಡಬ್ಬಿಗೆ ಹಾಕಿದ್ದೆ. ನನ್ನ ಹೆಂಡತಿ ಗಂಗಲಕ್ಷ್ಮಿಗೆ ಬರೆದದ್ದು. ಅವಳಿಗಿಂತ ಮೊದಲು ಸರ್ಕಾರ ಓದಿತ್ತು. ಹೆಮ್ಮೆ ಪಡಬೇಕಾದ ವಿಷಯವೇ. ನಮ್ಮ ಸಾಲುಮನೆಗಳ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ನಾವೆಲ್ಲ ಸಹಿ, ಹೆಬ್ಬೆಟ್ಟು ಹಾಕಿ ಕೊಟ್ಟ ಅರ್ಜಿಯನ್ನು ಯಾರೂ ಬಿಚ್ಚಿ ಕೂಡ ನೋಡಿರಲಿಲ್ಲ. ಗಂಡ ಹೆಂಡತಿಗೆ ಬರೆದದ್ದನ್ನು ಮಾತ್ರ ಹಬೆಗೆ ಹಿಡಿದು, ಅಂಟು ಬಿಡಿಸಿ, ಒಂದು ಅಕ್ಷರವೂ ಹರಿಯದ ಹಾಗೆ ಓದಿದ್ದರು.

ಎಮರ್ಜೆನ್ಸಿ ಬಂದ ಮೇಲಿನ ಮೊದಲ ಬೇಸಿಗೆ ಅದು. ನಮ್ಮ ಕಾರ್ಖಾನೆಯ ಗೋಡೆಗೆ 'ಕಡಿಮೆ ಮಾತು, ಹೆಚ್ಚು ದುಡಿಮೆ' ಎಂದು ಬಣ್ಣದಲ್ಲಿ ಬರೆಸಿದ್ದರು. ನಾವು ಡಬಲ್ ಶಿಫ್ಟ್ ನಿಂತು ದುಡಿಮೆ ಹೆಚ್ಚು ಮಾಡಿದ್ದೆವು. ಮಾತು ಎಷ್ಟು ಕಡಿಮೆಯಾಗಿದೆ ಎಂದು ನೋಡಲು ಅವರು ಅಂಚೆ ಡಬ್ಬಿಗೆ ಕೈ ಹಾಕಿದ್ದರು. ಎಸ್ಟೇಟಿನಲ್ಲಿ ಯಾರೋ ಸ್ಟ್ರೈಕ್ ಎಂದರಂತೆ. ಯಾರು ಎಂದು ಗೊತ್ತಾಗುವ ತನಕ ಎಲ್ಲರ ಕಾಗದವನ್ನೂ ಓದುವುದು ಎಂದು ತೀರ್ಮಾನವಾಗಿತ್ತು.

"ಓದ್ರೀ ದೊಡ್ಡಹನುಮಯ್ಯ. ಗಟ್ಟಿಯಾಗ್ ಓದಿ, ಲಾಕಪ್ಪಿಗೂ ಕೇಳ್ಲಿ."

ಹೆಡ್ ಕಾನ್‌ಸ್ಟೆಬಲ್ ದೊಡ್ಡಹನುಮಯ್ಯ ಕನ್ನಡಕ ಏರಿಸಿಕೊಂಡು, ಶಾಲೆ ಹುಡುಗ ಪದ್ಯ ಒಪ್ಪಿಸುವ ಹಾಗೆ ಓದಿದ.

"ಗಂಗಿಗೆ ಅಂಜಿನಯ್ಯ ಮಾಡುವ ಆಶೀರ್ವಾದ. ಇಲ್ಲಿ ಮನೆಗೆ ಅಮ್ಮ ಬಂದವಳೆ. ಮೈಯೆಲ್ಲ ಉರಿಸ್ತಾವಳೆ. ಯಾರೂ ಜೋರಾಗಿ ಮಾತಾಡಂಗಿಲ್ಲ. ಒಗ್ಗರಣೆ ಹಾಕಂಗಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೀವಿ. ಅಮ್ಮ ಇಳಿಯೋಗಂಟ ನೀನು ಮಗೀನ ಎತ್ಕೊಂಡು ಬರಬೇಡ. ಇಳಿದ ಮೇಲೆ ಸಾಲಿಗೆಲ್ಲ ಮೊಸರನ್ನ ಹಂಚಾನ."

"ಯಾರೂ ಜೋರಾಗಿ ಮಾತಾಡಂಗಿಲ್ಲ." ಚಕ್ರಪಾಣಿಯವರು ಬೆರಳು ಮಡಿಸಿದರು. "ಇದು ಎಮರ್ಜೆನ್ಸಿ. ಒಗ್ಗರಣೆ ಹಾಕಂಗಿಲ್ಲ. ಇದು ಪೇಪರ್‌ನೋರಿಗೆ ಹಾಕಿರೋ ಸೆನ್ಸಾರು. ಬೇವಿನ ಸೊಪ್ಪು ನಿಮ್ ಪಾರ್ಟಿ ಗುರ್ತು. ಮೊಸರನ್ನ ಯಾತಕ್ಕೋ? ದಿಲ್ಲೀಲಿ ಅಮ್ಮ ಕುರ್ಚಿ ಬಿಟ್ಟಿಳಿದ್ರೆ ನಿಂಗೆ ಹಬ್ಬಾನಾ?"

"ಸಾಮಿ, ದಿಲ್ಲಿ ಅಮ್ಮ ಅಲ್ಲ. ನಮ್ಮನೆ ಅಮ್ಮ."

"ನಿಮ್ಮಮ್ಮ ಅಕ್ಕಯ್ಯಮ್ಮ ಅಂತ ರಿಪೋರ್ಟಲ್ಲಿದೆ. ಅವಳು ನಿನ್ ಜೊತೇಲೇ ಇರೋದು. ಮನೇಲಿರೋಳು ಮನೆಗೆ ಹೆಂಗೋ ಬರ್ತಾಳೆ, ಬಡ್ಡೀಮಗನೆ?"

ನಮ್ಮ ಕಡೆ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಸಿಡುಬು, ಸೀತಾಳೆ ಅನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ನನ್ನ ಮೊದಲ ಮಗು ಪುಟ್ಟಲಕ್ಷ್ಮಿಗೆ ಬಂದಿದ್ದಳು. ಬಂದವಳಿಗೆ ಬೇವಿನೆಲೆ ಹಾಸಿ, ಮನೆ ತಣ್ಣಗಿಟ್ಟು, ಅವಳು ತಾನಾಗಿ ಇಳಿಯುವ ತನಕ ಕಾಯಬೇಕು. ಇದು ಗೊತ್ತಿಲ್ಲದವರು ಕರ್ನಾಟಕದಲ್ಲಿ ಇದ್ದಾರೆಂದು ನನಗಂತೂ ಗೊತ್ತಿರಲಿಲ್ಲ. ಇನ್ನು ಚಕ್ರಪಾಣಿಯವರ ಎರಡೂ ಕೆನ್ನೆ ತುಂಬ ಹಳೆಯ ಗುಳಿಗಳು. ಚಿಕ್ಕಂದಿನಲ್ಲಿ ಅಮ್ಮ ಅವರ ಮುಖದ ಮೇಲೆ ಆಡಿ ಹೋಗಿದ್ದಳು. ಆ ಮುಖ ಹೊತ್ತುಕೊಂಡು ಅವರು ನನ್ನನ್ನು ಅಮ್ಮ ಅಂದರೆ ಯಾರು ಎಂದು ಕೇಳುತ್ತಿದ್ದರು. ಎಸ್ಟೇಟಿನಿಂದ ಒಬ್ಬನನ್ನಾದರೂ ಹಿಡಿದು ಮೇಲಿನವರಿಗೆ ತೋರಿಸಬೇಕಿತ್ತು ಪಾಪ. ಒಬ್ಬ ಸಿಕ್ಕಿದ್ದೆ.

"ಮುಂದಕ್ ಓದ್ರಿ."

ದೊಡ್ಡಹನುಮಯ್ಯ ತಡೆದ. "ಮುಂದೆ ಮನೆ ವಿಷಯ ಸಾರ್."

"ಮನೆ ವಿಷಯದಲ್ಲೇ ಇರೋದು ಮಸಾಲೆ. ಓದ್ರಿ."

"ನೀನಿಲ್ಲದೆ ನಿದ್ದೆ ಹತ್ತಾಕಿಲ್ಲ. ನಿನ್ನ ಹಸಿರು ಸೀರೆ ದಿಂಬಿಗೆ ಸುತ್ತಿಕೊಂಡು ಮಲಗ್ತೀನಿ."

ಬಾಗಿಲಲ್ಲಿದ್ದ ಇಬ್ಬರು ಪೇದೆಗಳು ನಕ್ಕರು. ಲಾಕಪ್ಪಿನಲ್ಲಿದ್ದ ಜೇಬುಗಳ್ಳನೂ ನಕ್ಕ. ಅವನು ಅಪರಿಚಿತರ ಜೇಬಿಗೆ ಕೈ ಹಾಕಿ ಒಳಗೆ ಬಂದವನು. ನನ್ನ ಜೇಬಿಗೆ ಕೈ ಹಾಕಿದವರು ಟೋಪಿ ಹಾಕಿಕೊಂಡು ಎದುರಿಗೆ ಕೂತಿದ್ದರು.

"ಹಸಿರು," ಎಂದರು ಚಕ್ರಪಾಣಿ. "ಹಸಿರು ಯಾವ ಸಂಘದ ಬಾವುಟಾನೋ?"

ಗಂಗಿ ಏಳನೆಯ ಕ್ಲಾಸು ಓದಿದ್ದಾಳೆ. ನಮ್ಮ ಸಾಲಿನ ಉಳಿದ ಗಂಡಸರು ಊರಿಗೆ ಕಾಗದ ಬರೆದರೆ ಪೋಸ್ಟ್‌ಮನ್ನೋ ಮೇಷ್ಟರೋ ಓದಿ ಹೇಳಬೇಕು. ಅದಕ್ಕೇ ಅವರು ಮಳೆ, ಬೆಳೆ, ಕ್ಷೇಮ ಮಾತ್ರ ಬರೆಯುತ್ತಾರೆ. ನಾನೊಬ್ಬ ಮಾತ್ರ ಸೀರೆಯ ವಿಷಯ ಬರೆಯಬಹುದಾಗಿತ್ತು. ನಮ್ಮಿಬ್ಬರ ನಡುವೆ ಮೂರನೆಯ ಬಾಯಿ ಇಲ್ಲ ಎಂದು ಸಾಲಿನಲ್ಲಿ ಜಂಬ ಬೇರೆ ಕೊಚ್ಚಿಕೊಂಡಿದ್ದೆ.

ಆದರೆ ನನಗೆ ಆಗ ಚಿಂತೆ ಇದ್ದದ್ದು ಸೀರೆಯದಲ್ಲ. ಅವತ್ತು ಗುರುವಾರ. ಎರಡನೆಯ ಹೆರಿಗೆಗೆ ಕುದೂರಿನ ತವರಿಗೆ ಹೋಗಿದ್ದ ಗಂಗಿ ಹಸುಗೂಸನ್ನು ಎತ್ತಿಕೊಂಡು ವಾಪಸು ಬರಲು ಗೊತ್ತು ಮಾಡಿದ್ದ ದಿನ. ಅಮ್ಮ ಬಂದ ಮನೆಯವನು ಬಾಣಂತಿ ಇರುವ ಮನೆಯ ಹೊಸಿಲು ತುಳಿಯಬಾರದು. ಹಾಗಾಗಿ ನಾನು ಹೋಗಿ ಹೇಳುವಂತಿರಲಿಲ್ಲ. ಕಾಗದ ಹೋಗಬೇಕಿತ್ತು. ಕಾಗದ ಇಲ್ಲಿ ಮೇಜಿನ ಮೇಲಿತ್ತು.

"ಸಾಮಿ, ನನ್ನ ಬೇಕಾದ್ರೆ ಒಳಗೇ ಇಟ್ಕಳಿ. ಮಾಗಡಿ ರಸ್ತೆ ಬಸ್ ಸ್ಟಾಪಿಗೆ ಯಾರ್ನಾದ್ರೂ ಕಳ್ಸಿ. ನನ್ನೆಂಡ್ರು ಎಳೇ ಮಗೀನ ಎತ್ಕಂಡ್ ಬತ್ತಾವ್ಳೆ. ಆ ಮಗೀಗೆ ತಾಕಿದ್ರೆ ಉಳಿಯಾಕಿಲ್ಲ."

"ಓಹೋ. ನಿನ್ ಹೆಂಡ್ತಿಗೆ ಪೊಲೀಸ್ ಎಸ್ಕಾರ್ಟ್ ಬೇರೆ."

ದೊಡ್ಡಹನುಮಯ್ಯ ಕಾಗದ ಮಡಿಸುತ್ತಾ ಮೆಲ್ಲಗೆ ಬಾಯಿ ತೆರೆದ. "ಸಾರ್, ಇದು ಆ ಅಮ್ಮ ಅಲ್ಲ ಅನ್ಸುತ್ತೆ. ನಮ್ ಕಡೆ ಸಿಡುಬಿಗೆ…"

"ಸಿಡುಬಿಗೆ? ಏನ್ರೀ? ಅಮ್ಮ ಅಂದ್ರೆ ಸಿಡುಬು ಅಂತೀರಾ? ಯೂನಿಫಾರಂ ಹಾಕ್ಕೊಂಡು?"

"ಇಲ್ಲ ಸಾರ್. ಅಮ್ಮ ಅಂದ್ರೆ ಅಮ್ಮನೇ ಸಾರ್."

ಚಕ್ರಪಾಣಿಯವರು ನನ್ನ ಕಡೆ ತಿರುಗಿದರು. ದನಿ ಬೆಣ್ಣೆಯಾಯಿತು. "ನೋಡು ಅಂಜಿನಯ್ಯ, ಅದು ಬರೀ ಕಾಯಿಲೆ ಅಂತ ನೀನೇ ಬಾಯ್ಬಿಟ್ಟು ಹೇಳ್ಬಿಡು. ಈಗ್ಲೇ ಬಿಟ್ಬಿಡ್ತೀನಿ."

ಅಮ್ಮ ಮನೆಯಲ್ಲಿರುವಾಗ ಅವಳನ್ನು ಕಾಯಿಲೆ ಅನ್ನಬಾರದು. ಅಂದರೆ ಮಗುವಿನ ಕಣ್ಣು ತೆಗೆಯುತ್ತಾಳೆ ಎಂದು ಅವ್ವ ಹೇಳಿ ಹೇಳಿ ಬೆಳೆಸಿದ್ದಳು. ಆಗಲ್ಲ ಎಂದು ತಲೆ ಅಲ್ಲಾಡಿಸಿದೆ. ಚಕ್ರಪಾಣಿಯವರು ಕೆನ್ನೆಗೆ ಒಂದು ಬಿಟ್ಟರು. ನನ್ನ ಕಣ್ಣ ಮುಂದೆ ಮಾಗಡಿ ರಸ್ತೆಯ ಬಸ್ಸು, ಅದರ ಕಿಟಕಿ ಪಕ್ಕ ಗಂಗಿ, ಅವಳ ಮಡಿಲಲ್ಲಿ ನಾನು ಇನ್ನೂ ಮುಖ ನೋಡದ ಮಗ.

"ಕಾಯಿಲೆ ಸಾಮಿ," ಎಂದೆ.

"ಬರ್ಕೊಳ್ರಿ," ಎಂದು ಚಕ್ರಪಾಣಿಯವರು ಕುರ್ಚಿಗೆ ಒರಗಿದರು. "ಅಮ್ಮ ದೇಶಕ್ಕೆ ಹಿಡಿದ ಕಾಯಿಲೆ ಅಂತ ಆಸಾಮಿ ಒಪ್ಕೊಂಡ."

ದೇಶವನ್ನು ಅವರೇ ಸೇರಿಸಿಕೊಂಡರು. ನಾನು ಅಷ್ಟು ದೊಡ್ಡ ಜಾಗದ ಬಗ್ಗೆ ಯಾವತ್ತೂ ಮಾತಾಡಿದವನಲ್ಲ. ನನ್ನ ಮನೆ ಒಂದೇ ಅಂಕಣದ ಕೋಣೆ.

ಹಿಂದಿನ ಸಂಜೆ ನನ್ನನ್ನು ಹಿಡಿಯಲು ಆ ಒಂದು ಅಂಕಣಕ್ಕೆ ಇವರ ಜೀಪೇ ಬಂದಿತ್ತು. ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪನ್ನು ಕಿತ್ತು, ಸಾಕ್ಷಿ ಎಂದು ಗೋಣಿಚೀಲಕ್ಕೆ ತುಂಬಿದರು. ಮತ್ತೆ ಕಟ್ಟಿದರೆ ಮುದುಕಿಯನ್ನೂ ಒಳಗೆ ಹಾಕುತ್ತೇವೆ ಎಂದರು. ಸಾಲಿನಲ್ಲಿ ಅಮ್ಮ ಎಂಬ ಮಾತು ಯಾರ ಬಾಯಲ್ಲಾದರೂ ಕೇಳಿಸಿದರೆ ಅಂಜಿನಯ್ಯನಿಗೆ ಜೊತೆಯಾಗುತ್ತೀರಿ ಎಂದು ಲಾಠಿಯಿಂದ ಬಾಗಿಲು ಬಾಗಿಲು ತಟ್ಟಿ ಹೇಳಿದರು. ಪುಣ್ಯಕ್ಕೆ ನಮ್ಮ ಮಕ್ಕಳು ತಾಯಿಯನ್ನು ಅವ್ವ ಅನ್ನುತ್ತವೆ.

ಹೊರಗೆ ಗದ್ದಲವಾಯಿತು. "ಏಯ್ ಮುದುಕಿ, ಸಾಹೇಬ್ರು ಕರಿಯೋಗಂಟ ಅಲ್ಲೇ ಕೂತ್ಕೊ ಅಂದ್ರೆ," ಎಂದು ಪೇದೆ ಕೂಗುತ್ತಿದ್ದ. ಬೆಳಗಿನಿಂದ ಸ್ಟೇಷನ್ನಿನ ಮುಂದಿನ ಮರದಡಿ ಕೂತಿದ್ದ ನನ್ನ ಅವ್ವ ಅಕ್ಕಯ್ಯಮ್ಮ ಸೀದಾ ಒಳಗೆ ಬಂದಳು. ಹೆಗಲ ಮೇಲೆ ಪುಟ್ಟಲಕ್ಷ್ಮಿ.

"ಯಾರೇ ನೀನು? ಒಳಗ್ಯಾಕ್ ಬಂದೆ?"

"ಅಮ್ಮ ಯಾರು, ಅಮ್ಮ ಯಾರು ಅಂತ ಬೆಳಿಗ್ಗಿಂದ ಬಡ್ಕಂತಿದ್ದಲ್ಲಪ್ಪ. ಎತ್ಕಂಡ್ ಬಂದಿವ್ನಿ. ನೀನೇ ಕೇಳ್ಕ."

ಮಗುವನ್ನು ಅವರ ಮೇಜಿನ ಮೇಲೆ, ಫೈಲುಗಳ ಮೇಲೆ, ನನ್ನ ಕಾಗದದ ಮೇಲೆ ಮಲಗಿಸಿದಳು. ಅರಿಶಿನ ಬಳಿದ ಮೈ. ಹಣೆಯಿಂದ ಅಂಗಾಲಿನ ತನಕ ನೀರು ತುಂಬಿದ ಗುಳ್ಳೆ. ರೆಪ್ಪೆಯ ಮೇಲೂ ಗುಳ್ಳೆ, ಕಣ್ಣು ಬಿಡಲಾಗುತ್ತಿರಲಿಲ್ಲ. ಅದು ಸಣ್ಣಗೆ ನೀರು ಕೇಳಿತು.

ಮೊದಲು ಟೋಪಿ ತೆಗೆದವನು ದೊಡ್ಡಹನುಮಯ್ಯ. ಆಮೇಲೆ ಬಗ್ಗಿ ಬೂಟಿನ ಲೇಸು ಬಿಚ್ಚಿದ. ಬಾಗಿಲಲ್ಲಿದ್ದ ಇಬ್ಬರೂ ಬೂಟು ಕಳಚಿ ಗೋಡೆಗೆ ಒರಗಿಸಿದರು. ಲಾಕಪ್ಪಿನೊಳಗೆ ಜೇಬುಗಳ್ಳ ಎದ್ದು ನಿಂತು ಕೈ ಮುಗಿದ. ಸ್ಟೇಷನ್ನಿನಲ್ಲಿ ಬೂಟು ಹಾಕಿಕೊಂಡಿದ್ದವರು ಒಬ್ಬರೇ.

"ಎತ್ಕೊಂಡ್ ಹೋಗೇ ಇದನ್ನ."

"ಇದನ್ನ ಅದನ್ನ ಅನ್ಬ್ಯಾಡ. ನಿನ್ ಮಕದ ಮ್ಯಾಲೂ ಕುಣ್ದು ಓಗವ್ಳೆ, ನಿಮ್ಮವ್ವನ್ನ ಕೇಳು. ಅಮ್ಮನ್ನ ಓಗು ಅನ್ನಂಗಿಲ್ಲ ಕಣಪ್ಪ. ತಾನಾಗೇ ಇಳೀಬೇಕು. ಕುಂತ ಜಾಗ ಬಿಡಾಕೆ ಅವಳಿಗೂ ಮನಸ್ಸಾಗಬೇಕಲ್ಲ."

ದೊಡ್ಡಹನುಮಯ್ಯನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ. ಚಕ್ರಪಾಣಿಯವರ ಕೈ ತಾನಾಗಿಯೇ ಕೆನ್ನೆಯ ಗುಳಿಗಳಿಗೆ ಹೋಗಿತ್ತು. ಗೊತ್ತಾದ ತಕ್ಷಣ ಕೆಳಗಿಳಿಸಿದರು.

"ಬಿಡ್ರೀ ಇವನ್ನ. ಹೊರಗ್ ಹಾಕ್ರಿ ಮೂರೂ ಜನಾನ."

"ನನ್ನ ಕಾಗದ ಸಾಮಿ?"

"ಕಾಗದ ಸರ್ಕಾರದ್ದು."

"ನನ್ನೆಂಡ್ರಿಗೆ ಬರ್ದಿದ್ದು."

"ಇನ್ನೊಂದ್ ಬರಿ. ಅದನ್ನೂ ಓದ್ತೀವಿ."

ಆಗ ನನ್ನ ಕಣ್ಣು ಬಾಗಿಲಾಚೆ ಹೋಯಿತು. ಸ್ಟೇಷನ್ನಿನ ಗೇಟು ದಾಟಿ ಗಂಗಿ ಬರುತ್ತಿದ್ದಳು. ತಲೆಗೆ ಸೆರಗು, ಕಂಕುಳಲ್ಲಿ ಬಟ್ಟೆ ಗಂಟು, ಎದೆಗೆ ಒತ್ತಿಕೊಂಡ ಮಗು. ಅವ್ವನ ದನಿ ಕೇಳಿಯೇ ಕಾಲು ಬೀಸಾಗಿ ಹಾಕುತ್ತಿದ್ದಳು. ಇನ್ನು ನಾಲ್ಕು ಹೆಜ್ಜೆಗೆ ಮೆಟ್ಟಿಲು.

ನಾನು ಪೇದೆಯನ್ನು ತಳ್ಳಿ ಬಾಗಿಲಿಗೆ ಓಡಿ, ಎರಡೂ ಕೈ ಅಡ್ಡ ಚಾಚಿದೆ.

"ಗಂಗೀ, ಬರಬ್ಯಾಡ. ಅಮ್ಮ ಬಂದವ್ಳೆ. ಅಮ್ಮ ಇಳಿಯೋಗಂಟ ಬರಬ್ಯಾಡ."

ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲುಗಳು ನಿಂತವು. ಶಿಫ್ಟ್ ಮುಗಿಸಿ ಬರುತ್ತಿದ್ದ ಎಸ್ಟೇಟಿನವರು ನಿಂತರು. ಆ ದಿನಗಳಲ್ಲಿ ಅಷ್ಟು ಜೋರಾಗಿ ಯಾರೂ ಏನನ್ನೂ ಕೂಗುತ್ತಿರಲಿಲ್ಲ, ತರಕಾರಿ ಮಾರುವವರನ್ನು ಬಿಟ್ಟರೆ. ಕಾಂಪೌಂಡಿನ ಆಚೆ ಯಾರೋ ಪಿಸುಗುಟ್ಟಿದರು. "ಏನಂದ? ಅಮ್ಮ ಇಳಿಯೋಗಂಟಾನಾ?"

"ಬಾಯಿ ಮುಚ್ಚಿಸ್ರೀ ಅವಂದು," ಎಂದು ಒಳಗಿನಿಂದ ಚಕ್ರಪಾಣಿಯವರು ಅರಚಿದರು. ಬರಿಗಾಲಲ್ಲಿ ನಿಂತಿದ್ದ ಮೂವರೂ ಬೂಟು ಹುಡುಕಲು ಬಹಳ ಹೊತ್ತು ತೆಗೆದುಕೊಂಡರು. ನಾನು ಇನ್ನೊಮ್ಮೆ ಕೂಗಿದೆ. ಮತ್ತೊಮ್ಮೆ ಕೂಗಿದೆ. ಸರ್ಕಾರ ಓದಿ ಇಟ್ಟುಕೊಂಡ ಆ ಒಂದು ಸಾಲನ್ನು ಗಂಟಲು ಹರಿಯುವಂತೆ, ಇಡೀ ರಸ್ತೆಗೆ ಕೇಳುವಂತೆ ಕೂಗಿದೆ.

ಗಂಗಿ ನಿಂತಳು. ಮಗುವಿನ ತಲೆಗೆ ಸೆರಗು ಮುಚ್ಚಿದಳು.

"ನಾನು ಮನೇಗೋಗಿದ್ದೆ," ಎಂದಳು.

"ಯಾವಾಗ?"

"ಬಸ್ಸಿಳ್ದು ಸೀದಾ ಅಲ್ಲಿಗೇ ಓದೆ. ಬಾಗ್ಲಾಗೆ ಸೊಪ್ಪು ಕಟ್ಟಿರ್ನಿಲ್ಲ. ಒಳಗೆ ಚಾಪೆ ಹಾಸಿತ್ತು. ಮಗೀನ ಅದರ್ ಮ್ಯಾಲೇ ಮಲಗ್ಸಿ ಕುಂತಿದ್ದೆ."

ಪುಟ್ಟಲಕ್ಷ್ಮಿ ವಾರದಿಂದ ಮಲಗಿದ್ದ ಚಾಪೆ ಅದು.

"ಪಕ್ಕದ್ಮನೆ ಪಾಪಮ್ಮ ಇರ್ನಿಲ್ವಾ? ಏನೂ ಯೋಳ್ನಿಲ್ವಾ?"

"ನಿನ್ ಗಂಡ ಸ್ಟೇಷನ್ನಾಗವ್ನೆ ಅಂದ್ಲು. ಯಾಕೆ ಅಂದೆ. ಬಾಯ್ಮೇಲೆ ಕೈ ಇಟ್ಕಂಡ್ ಒಳಕ್ಕೋದ್ಲು." ಗಂಗಿ ನನ್ನ ಮುಖ ನೋಡಿದಳು. "ಒಂದ್ ಕಾಗದ ಆಕಾಕೆ ನಿಂಗೇನಾಗಿತ್ತು?"

ಒಳಗೆ ಪುಟ್ಟಲಕ್ಷ್ಮಿಗೆ ತಾಯಿಯ ದನಿ ಗೊತ್ತಾಗಿತ್ತು. ಕಣ್ಣು ಬಿಡಲಾಗದೆ, ದನಿ ಬಂದ ಕಡೆಗೆ ಕೈ ಚಾಚಿ "ಅವ್ವಾ" ಎಂದು ಅಳತೊಡಗಿತು. ಅವ್ವ ಅದನ್ನು ಎತ್ತಿಕೊಂಡಳು. ಹೊರಗೆ ಬರಲಿಲ್ಲ. ಮೇಜು ಸುತ್ತಿ ಹೋಗಿ, ಚಕ್ರಪಾಣಿಯವರು ಎದ್ದು ಬಿಟ್ಟಿದ್ದ ಕುರ್ಚಿಯಲ್ಲಿ ಕೂತು ಮಗುವನ್ನು ಮಡಿಲಿಗೆ ಹಾಕಿಕೊಂಡಳು.

"ಏಳೇ ಮೇಲೆ. ಅದು ಯಾರ್ ಕುರ್ಚಿ ಗೊತ್ತೇನೇ?"

"ಅಮ್ಮ ಇಲ್ಲೇ ಇರ್ತಾಳೆ," ಎಂದಳು ಅವ್ವ. "ನೀವು ಸೊಪ್ಪು ಕಿತ್ತಾಕಿದ್ ಆ ಮನೇಗೆ ಇನ್ನು ಯಾವ ಬಾಯ್ನಾಗೆ ಕರ್ಕಂಡೋಗ್ಲಿ? ನೀನೇ ಕೈ ಇಟ್ಟು ಏಳ್ಸು, ಧೈರ್ಯ ಇದ್ರೆ."

ಚಕ್ರಪಾಣಿಯವರು ದೊಡ್ಡಹನುಮಯ್ಯನ ಕಡೆ ನೋಡಿದರು. ದೊಡ್ಡಹನುಮಯ್ಯ ತನ್ನ ಒಂದು ಕಾಲಿನ ಬೂಟಿನ ಕಡೆ ನೋಡುತ್ತಿದ್ದ.

ಗಂಗಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ಗೇಟು ದಾಟಿದಳು. ರಸ್ತೆಯಲ್ಲಿ ಗುಂಪುಗೂಡಿದ್ದವರು ಅವಳಿಗೆ ಜಾಗ ಬಿಟ್ಟು ದೂರ ಸರಿದರು. ಅವಳು ಎದುರಿನ ಕಲ್ಲಿನ ಮೇಲೆ ಬಟ್ಟೆಯ ಗಂಟು ಇಟ್ಟಳು. ಮಗುವನ್ನು ಅಂಗೈ ಮೇಲೆ ಬೋರಲು ಮಲಗಿಸಿಕೊಂಡು, ಅಂಗಿ ಮೇಲೆತ್ತಿ, ಅದರ ಅಂಗೈಯಗಲದ ಬೆನ್ನನ್ನು ಬಿಸಿಲಿಗೆ ಹಿಡಿದು, ಬಗ್ಗಿ ಬಗ್ಗಿ ನೋಡುತ್ತಿದ್ದಳು.